ಬ್ರೇಕ್ ಒತ್ತಿದ್ದು ಯಾರು?

ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ತಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ಕಾಲಡಿಗಿದ್ದ ಎರಡನೇ ಬ್ರೇಕನ್ನು ಒತ್ತಿ ಒತ್ತಿಯೇ ಅರ್ಧ ಆಯಸ್ಸು ಸವೆಸಿದವರು. ಬಲಗಾಲಿನ ಮೀನಖಂಡ ಪೈಲ್ವಾನನದಾಗಿತ್ತು, ಎಡಗಾಲಿನದು ಗುಮಾಸ್ತನದಾಗಿಯೇ ಉಳಿದಿತ್ತು.

ಆ ಭಾನುವಾರ ಸ್ವಂತ ಕಾರನ್ನು ಹೆಂಡತಿ ಓಡಿಸುತ್ತಿದ್ದಳು. ಅವಳು ನರ್ಸ್. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ, ಹೆತ್ತ ಮಕ್ಕಳ ಮುಖವನ್ನು ಅವು ಮಲಗಿದ್ದಾಗಲೇ ನೋಡಿದ ಹೆಂಗಸು. ಸೋಮವಾರದಿಂದ ಹಗಲು ಕೆಲಸ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ನೋಡಿಕೊಳ್ಳುವುದು. ಆಸ್ಪತ್ರೆಯವರೇ ಕಾರು ಕೊಡುವವರಿದ್ದರು. ಷರತ್ತು ಒಂದೇ: ಓಡಿಸುವವಳ ಮೇಲೆ ಕೇಸು ಇರಬಾರದು.

ತಿರುವಿನ ಅಂಗಡಿಯಿಂದ ಪುಟ್ಟ ಹೆಣ್ಣುಮಗುವೊಂದು ಹೊಸ ಬಕೆಟ್ಟನ್ನು ತಲೆಗೆ ಕವುಚಿಕೊಂಡು ರಸ್ತೆಗೆ ನುಗ್ಗಿತು. ಕಣ್ಣು ಬಕೆಟ್ಟಿನೊಳಗೆ, ಕಾಲು ದೇವರಿಚ್ಛೆಗೆ.

ಹೆಂಡತಿ ಗಕ್ಕನೆ ಸ್ಟೀರಿಂಗ್ ತಿರುಗಿಸಿದಳು. ಮೇಷ್ಟ್ರು ಮೈಯ ಬಲವನ್ನೆಲ್ಲ ಕಾಲಿಗಿಳಿಸಿ ಬ್ರೇಕ್ ಒತ್ತಿದರು. ತೊಂದರೆ ಇಷ್ಟೇ, ಈ ಕಾರಿನಲ್ಲಿ ಅವರ ಕಾಲಡಿ ಬ್ರೇಕ್ ಇರಲಿಲ್ಲ, ರಬ್ಬರ್ ಮ್ಯಾಟ್ ಇತ್ತು. ಮಗು ಕೂದಲೂ ಕೊಂಕದೆ ಉಳಿಯಿತು. ಕಾರು ಹೋಗಿ ಎದುರಾಳಿ ಡ್ರೈವಿಂಗ್ ಸ್ಕೂಲಿನ ಮುಂದೆ ನಿಲ್ಲಿಸಿದ್ದ ಹೊಚ್ಚಹೊಸ ಕಾರಿನ ಬಾಗಿಲಿಗೆ ಮುತ್ತಿಟ್ಟಿತು.

ಆ ಸ್ಕೂಲಿನ ಒಡೆಯರು ಹಾರ್ನ್ ಸಾಹೇಬರು. ಶಿಷ್ಯರ ದಂಡು ಕಟ್ಟಿಕೊಂಡು ಹೊರಬಂದರು. ಬಾಗಿಲು ಚಪ್ಪಟೆಯಾದ ದುಃಖಕ್ಕಿಂತ, ಚಪ್ಪಟೆ ಮಾಡಿದವರು ಯಾರೆಂದು ಕಂಡು ಹಾಲು ಕುಡಿದಷ್ಟು ಸಂತೋಷವಾಗಿತ್ತು ಅವರಿಗೆ.

"ಏನ್ ಮೇಷ್ಟ್ರೇ, ಪಾರ್ಕಿಂಗ್ ಪಾಠಾನಾ?"

ಅಷ್ಟರಲ್ಲಿ ಮಗುವಿನ ಅಜ್ಜಿ ಅದರ ರಟ್ಟೆ ಹಿಡಿದು ಎಳೆದು ತಂದರು. "ಇವಳನ್ನ ಬೈಯ್ರಪ್ಪಾ, ಇವಳನ್ನ! ನೀರು ಹಿಡಿಯೋಕೆ ಅಂತ ಕೊಂಡ್ರೆ ಕಿರೀಟ ಮಾಡ್ಕೊಂಡ್ಳು!"

"ನಂಗೇನೂ ಕಾಣಿಸ್ತಿಲ್ಲ," ಎಂದಿತು ಬಕೆಟ್ಟು.

ಟ್ರಾಫಿಕ್ ಪೊಲೀಸ್ ಬಂದ. ರಸ್ತೆ ನೋಡಿದ, ಕಾರು ನೋಡಿದ, ಕೊನೆಗೆ ಬಕೆಟ್ಟನ್ನೂ ಎತ್ತಿ ನೋಡಿದ. "ಮಗು ಅಡ್ಡ ಬಂತು, ತಿರುಗಿಸಿದ್ರಿ, ತಗಲ್ತು. ಅದು ಗಾಬರಿ, ಅಪರಾಧ ಅಲ್ಲ. ಆದ್ರೆ ಅಮ್ಮಾ, ಬ್ರೇಕ್ ಒತ್ತಿದ ಗುರುತೇ ಇಲ್ವಲ್ಲ?"

"ಒತ್ತಿದ್ರೆ ತಾನೆ ಗುರುತು!" ಎಂದರು ಸಾಹೇಬರು. "ಅಜಾಗರೂಕತೆ ಸಾರ್. ನಾನು ದೂರು ಕೊಡ್ತೀನಿ, ಕೇಸ್ ಹಾಕಿ."

"ಒತ್ತಿದೀನಿ ಸಾರ್, ಪೂರ್ತಿ ಒತ್ತಿದೀನಿ!" ಮೇಷ್ಟ್ರ ಬಾಯಿ ಬುದ್ಧಿಗಿಂತ ಮುಂದೆ ಓಡಿತು.

ಪೊಲೀಸ್ ಬಗ್ಗಿ ಅವರ ಸೀಟಿನ ಕೆಳಗೆ ಇಣುಕಿದ. "ಎಲ್ಲಿ ಸಾರ್ ಬ್ರೇಕು?"

ಶಿಷ್ಯರ ದಂಡು ಕಿಸಕ್ಕೆಂದಿತು. ಮೇಷ್ಟ್ರು ಬೆವರು ಒರೆಸಿಕೊಂಡರು. "ಅಂದ್ರೆ... ಇವಳೇ ಒತ್ತಬೇಕಿತ್ತು. ಹೆದರಿ ಮರೆತಳು."

"ಮರೀಲಿಲ್ಲ ರೀ," ಎಂದಳು ಹೆಂಡತಿ. "ಸ್ಕೂಲ್ ಕಾರಲ್ಲಿ ಕಲಿಯುವಾಗ ನೀವು ಪಕ್ಕದಲ್ಲಿದ್ರೆ ನಾನ್ಯಾವತ್ತು ಬ್ರೇಕ್ ಮುಟ್ಟಿದೀನಿ ಹೇಳಿ? ಮುಟ್ಟೋಕೆ ಮೊದ್ಲೇ ನಿಮ್ಮ ಕಾಲು ಹಾಜರ್. ಒಬ್ಬಳೇ ಇದ್ರೆ ನಂಗೂ ಕಾಲಿದೆ." ಆಮೇಲೆ ದನಿ ತಗ್ಗಿಸಿದಳು. "ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗ್ಬೇಕು ರೀ."

ಮೇಷ್ಟ್ರು ಸುತ್ತ ನೋಡಿದರು. ಗುಂಪಿನಲ್ಲಿ ಅವರದೇ ಸ್ಕೂಲಿನ ಮೂವರು ಬಾಯಿ ತೆರೆದು ನಿಂತಿದ್ದರು. ನಿಜ ಹೇಳಿದರೆ ಸ್ಕೂಲಿಗೆ ಬೀಗ. ಹೇಳದಿದ್ದರೆ ಇವಳ ಹಗಲು ಕೆಲಸಕ್ಕೆ.

"ಅವಳದು ತಪ್ಪಿಲ್ಲ ಸಾರ್. ನಾನು ಪಕ್ಕ ಕೂತ್ರೆ ಯಾರಿಗೂ ಬ್ರೇಕ್ ಒತ್ತೋಕೆ ಬಿಡಲ್ಲ. ಬಿಡೋಕೆ ಆಗಲ್ಲ. ಹೆದರಿಕೆ ನನ್ನದು."

ಹಾರ್ನ್ ಸಾಹೇಬರು ತಮ್ಮ ಬಾಗಿಲನ್ನೊಮ್ಮೆ, ಮೇಷ್ಟ್ರ ಮುಖವನ್ನೊಮ್ಮೆ ತೂಗಿ ನೋಡಿದರು. "ದೂರು ಬೇಡ ಬಿಡಿ ಸಾರ್. ಬಾಗಿಲಿನ ಖರ್ಚು ಕೊಡ್ಲಿ. ಜೊತೆಗೆ ಆ ಮಾತು ಇನ್ನೊಂದ್ಸಲ, ಜೋರಾಗಿ. ಹಿಂದೆ ನಿಂತೋರಿಗೆ ಕೇಳಿಸಲಿಲ್ಲ."

ಮೇಷ್ಟ್ರು ಜೋರಾಗಿ ಹೇಳಿದರು. ಅಜ್ಜಿಗೂ ಕೇಳಿಸಿತು.

"ಅಮ್ಮಾ, ನೀವು ಓಡಿಸಿ," ಎಂದು ಪೊಲೀಸ್ ಕೈ ಬೀಸಿದ. "ಇವರನ್ನ ಮಾತ್ರ ಹಿಂದಿನ ಸೀಟಲ್ಲಿ ಹಾಕಿ."

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕಾರು ಮನೆಮುಂದೆ ನಿಂತಿತ್ತು. ಹೆಂಡತಿ ಪಕ್ಕದ ಸೀಟಿನಲ್ಲಿ ಔಷಧಿಯ ಪೆಟ್ಟಿಗೆ ಇಟ್ಟುಕೊಂಡು ಹೊರಟಳು. ಬಾಗಿಲಲ್ಲಿ ನಿಂತ ಮೇಷ್ಟ್ರು ನೋಡುತ್ತಲೇ ಇದ್ದರು. ರಸ್ತೆಯಲ್ಲಿ ಒಂದು ಕಾಗೆಯೂ ಇರಲಿಲ್ಲ. ಆದರೂ ಅವಳು ಬ್ರೇಕ್ ಒತ್ತಿದಳು. ಕಾರು ಮುಗ್ಗರಿಸಿ ನಿಂತಿತು. ನಾಲ್ಕು ಮಾರು ಹೋಗಿ ಮತ್ತೆ ಒತ್ತಿದಳು, ಮತ್ತೆ ನಿಂತಿತು.

"ಏನಾಯ್ತೇ?" ಎಂದು ಕೂಗಿದರು ಮೇಷ್ಟ್ರು.

"ಏನಿಲ್ಲ ರೀ," ಕಿಟಕಿಯಿಂದ ಕೈ ಹೊರಬಂತು, "ಒತ್ತೋಕೆ ಚೆನ್ನಾಗಿದೆ!"