ಮುಚ್ಚಿದ ಕಾಡಿಗೆ ಬಂದ ರಾಣಿ

ಇಜ್ಜಾ ಮೇಕೆಯ ಹಿಂಗಾಲು ಹಿಡಿದು ಜಗ್ಗಿದಳು. ಮೇಕೆ ಕೊಂಬೆ ಬಿಡಲಿಲ್ಲ. ಅರಚಿತು, ಗೊರಸಿನಿಂದ ತೊಗಟೆ ಕೆರೆಯಿತು, ಹಸಿ ಕಾಯಿಗಳು ಅವಳ ತಲೆಯ ಮೇಲೆ ಉದುರಿದವು. ಮತ್ತೊಮ್ಮೆ ಜಗ್ಗಿದಾಗ ಮೇಕೆ, ಮುಳ್ಳು, ಎಲೆ ಎಲ್ಲವೂ ಒಟ್ಟಿಗೆ ಅವಳ ಎದೆಯ ಮೇಲೆ ಬಂದು ಬಿದ್ದವು.

"ಬಿಡು ಅತ್ತಿಗೆ, ಅದರ ಕಾಲು ಮುರೀತೀಯ!" ಎನ್ನುತ್ತ ಮೈದುನ ಹಮ್ಮು ಓಡಿಬಂದ. ಅವನ ಕಂಕುಳಲ್ಲಿ ಇನ್ನೊಂದು ಮೇಕೆ ಕಾಲಾಡಿಸುತ್ತಿತ್ತು. ಮರ ಹತ್ತಿಸಲೆಂದು ತಂದಿದ್ದ ಮೇಕೆ ಅದು.

"ಇದರದ್ದಲ್ಲ, ನಿನ್ನ ಕಾಲು ಮುರೀತೀನಿ. ಕಾಡು ಮುಚ್ಚಿರೋದು ಗೊತ್ತಿಲ್ವಾ ನಿನಗೆ?"

"ನಾನೆಲ್ಲಿ ಒಳಗೆ ಹೋದೆ? ನೋಡು, ಕಾಲು ಹೊರಗೇ ಇದೆ. ಹೊರಗೆ ನಿಂತು ಮೇಕೇನ ಕೊಂಬೆ ಮೇಲೆ ಇಟ್ಟೆ, ಅಷ್ಟೇ. ಕಾಯಿದ್ ಸಾಹೇಬ್ರೇ ಹೇಳಿದ್ದು. ಹೊರದೇಶದ ರಾಣಿ ಜೊತೆ ಕ್ಯಾಮೆರಾದೋರು ಬರ್ತಾರಲ್ಲ, ಅವರಿಗೆ ಮರದ ಮೇಲೆ ಮೇಕೆ ಬೇಕಂತೆ."

"ಹಾಗಾದ್ರೆ ನೀನೇ ಹತ್ತಿ ಕೂತ್ಕೊಳೋ," ಎಂದು ಹಿಂದಿನಿಂದ ಮಮ್ಮಾಸ್ ಮುದುಕಿ ಕೂಗಿದಳು. "ಗಡ್ಡ ಹೇಗೂ ಇದೆ."

ದಾರಿಯಲ್ಲಿ ಸಾಲಾಗಿ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಮ್ಮು ಹೇಳಿದ್ದು ಸುಳ್ಳಲ್ಲ. ಮರ ಇದ್ದದ್ದು ಸುಣ್ಣ ಬಳಿದ ಗಡಿಗಲ್ಲುಗಳ ಒಳಗೆ, ಆ ಒಂದು ಕೊಂಬೆ ಮಾತ್ರ ಹೊರಕ್ಕೆ ಬಾಗಿತ್ತು. ಇಜ್ಜಾ ಕೂಡ ಹೊರಗೇ ನಿಂತು ಜಗ್ಗಿದ್ದಳು. ಅವಳು ಬಗ್ಗಿ, ಉದುರಿದ ಹಸಿ ಕಾಯಿಗಳನ್ನು ಒಂದೊಂದಾಗಿ ಆರಿಸಿ ಗಡಿಗಲ್ಲಿನ ಆಚೆಗೆ, ಮರದ ಬುಡಕ್ಕೆ ಎಸೆದಳು. ಸೆರಗಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದನ್ನೂ ಬಿಡಿಸಿ ಎಸೆದಳು.

ತಿಗ್ಮಿ ಹಳ್ಳಿಯ ಕಾಡು, ಗೊರಟೆಯಿಂದ ಎಣ್ಣೆ ತೆಗೆಯುವ ಅರ್ಗಾನ್ ಮರಗಳ ಕಾಡು, ಬೇಸಗೆಯ ಮೊದಲಲ್ಲೇ ಮುಚ್ಚುತ್ತದೆ. ಕಾಯಿ ಬಲಿತು, ಒಣಗಿ, ತಾನಾಗಿ ಉದುರುವ ತನಕ ಮನುಷ್ಯರಿಗೂ ಮೇಕೆಗೂ ಒಳಗೆ ದಾರಿಯಿಲ್ಲ. ಬಿದ್ದದ್ದನ್ನು ಎತ್ತುವಂತಿಲ್ಲ. ಆಮೇಲೊಂದು ಗುರುವಾರ ಸಂತೆಯಲ್ಲಿ ಸಾರುತ್ತಾರೆ, ಊರಲ್ಲಿ ಮಾತು ನಡೆಯುವವರೊಬ್ಬರು ಎಲ್ಲರ ಕಣ್ಣೆದುರು ಗಡಿಗಲ್ಲು ದಾಟಿ ಮೊದಲ ಹೆಜ್ಜೆ ಇಡುತ್ತಾರೆ. ಅಲ್ಲಿಗೆ ಕಾಡು ತೆರೆದಂತೆ. ತೆರೆದ ಕಾಡನ್ನು ಆ ವರ್ಷ ಮತ್ತೆ ಮುಚ್ಚಲು ಯಾರಿಂದಲೂ ಆಗದು. ಇದಕ್ಕೆ ಬೇಲಿಯಿಲ್ಲ, ಕಾವಲುಗಾರನಿಲ್ಲ. ಇರುವುದು ಜನರ ಕಣ್ಣು ಮಾತ್ರ.

ಪಕ್ಕದ ಕಣಿವೆಯಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಊರ ಹಿರಿಯನೊಬ್ಬ ತನ್ನ ಮಗನ ಮದುವೆಯ ದಿಬ್ಬಣವನ್ನು ಹತ್ತಿರದ ದಾರಿಯೆಂದು ಮುಚ್ಚಿದ ಕಾಡಿನ ನಡುವೆ ನಡೆಸಿಕೊಂಡು ಹೋದ. ವಾರ ಕಳೆಯುವುದರೊಳಗೆ ದಕ್ಷಿಣದಿಂದ ಲಾರಿಗಳು ಬಂದವು, ಲಾರಿಗಳಿಂದ ಮೇಕೆಗಳು ಇಳಿದವು. ತಡೆಯಲು ಹೋದವರಿಗೆ ಕುರುಬರು, "ನಿಮ್ಮ ಹಿರಿಯನೇ ತೆರೆದನಲ್ಲ" ಎಂದರಂತೆ. ಆ ಕಣಿವೆಯ ಹೆಂಗಸರು ಈಗ ನಸುಕಿಗೇ ಪಿಕಪ್ ಹತ್ತಿ, ಕೆಳಗಿನ ಬಯಲಿನ ಪ್ಲಾಸ್ಟಿಕ್ ಮನೆಗಳಲ್ಲಿ ಟೊಮೇಟೊ ಬಿಡಿಸಲು ಹೋಗುತ್ತಾರೆ.

ಕಾಯಿದ್ ಸಾಹೇಬರ ಜೀಪು ಹೆಂಗಸರ ಎಣ್ಣೆ ಸಂಘದ ಅಂಗಳದಲ್ಲಿ ಬಂದು ನಿಂತಾಗ ಹೆಂಗಸರು ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಈ ಬೆಟ್ಟಸಾಲಿಗೆ ಸರ್ಕಾರವೆಂದರೆ ಅವರೇ. ಇಸ್ತ್ರಿ ಮಾಡಿದ ಯೂನಿಫಾರಂ, ಸೋಪಿನ ವಾಸನೆ. ಅವರು ಇಜ್ಜಾಳನ್ನು ಬೀಸುಕಲ್ಲಿನ ಕೋಣೆಗೆ ಕರೆದರು. ಹಮ್ಮು ಹಿಂದೆಯೇ ಬಂದ. ಇಜ್ಜಾಳ ಮಗಳು ತಿತ್ರೀತ್ ಆಗಲೇ ಒಳಗಿದ್ದಳು. ಕರಾವಳಿಯ ಅಗಾದೀರ್ ಪಟ್ಟಣದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವಳನ್ನು ಸಾಹೇಬರೇ ಹೇಳಿಕಳಿಸಿ ಕರೆಸಿದ್ದರು. ರಾಜಧಾನಿಯಿಂದ ಬರುವ ದುಭಾಷಿಗೆ ಬೆಟ್ಟದ ಮಾತು ಬಾರದು. ತಿತ್ರೀತಳಿಗೆ ಇದೂ ಬರುತ್ತಿತ್ತು, ರಾಣಿಯ ಮಾತೂ ಬರುತ್ತಿತ್ತು.

"ಲಾಲ್ಲಾ ಇಜ್ಜಾ," ಎಂದರು ಸಾಹೇಬರು. ಎಂದೂ ಇಲ್ಲದ ಮರ್ಯಾದೆ. "ರಾಣಿಯವರು ಬರ್ತಿರೋದು ಎರಡು ವಿಷಯಕ್ಕೆ. ಒಂದು ಪರಿಸರ, ಇನ್ನೊಂದು ಹೆಂಗಸರ ಹಕ್ಕು. ನನಗೆ ಎರಡೂ ಒಂದೇ ಫೋಟೋದಲ್ಲಿ ಬೇಕು."

"ಅದಕ್ಕೆ ಮೇಕೆ ಯಾಕೆ?"

"ಮೇಕೆ ಬಿಡು. ನೀನು ರಾಣಿಯವರ ಕೈ ಹಿಡ್ಕೊಂಡು ಕಾಡಿನ ಒಳಗೆ ಕರ್ಕೊಂಡು ಹೋಗು. ನಿನ್ನ ಗಂಡ ಬೀಹಿಯ ಮರಗಳಿವೆಯಲ್ಲ, ಅವುಗಳ ಕೆಳಗೆ ನಿಲ್ಲು. ಇವು ನನ್ನ ಮರ ಅಂತ ಹೇಳು."

"ಅವು ನನ್ನವಲ್ಲ. ನೀವೇ ಹೇಳಿದ್ರಲ್ಲ."

"ಇವತ್ತಿಂದ ನಿನ್ನವು. ನಿನ್ನ ನಂತರ ನಿನ್ನ ಮಗಳದ್ದು. ಗಡಿಯಲ್ಲಿ ನಿಂತು, ರಾಣಿಯವರ ಎದುರಿಗೆ, ಕ್ಯಾಮೆರಾ ಎದುರಿಗೆ ನಾನೇ ಸಾರ್ತೀನಿ. ಹಾಗೆ ಸಾರಿದ್ದನ್ನ ಯಾರಪ್ಪನೂ ವಾಪಸ್ ತಗೊಳ್ಳೋಕಾಗಲ್ಲ. ಹಮ್ಮು ಒಪ್ಪಿದ್ದಾನೆ. ಏನೋ ಹಮ್ಮು?"

"ಅಣ್ಣನ ಮರ ಅಣ್ಣನ ಹೆಂಡತಿಗೆ ಹೋದ್ರೆ ನನಗೇನು ಹೊಟ್ಟೆ ಉರೀನಾ?" ಎಂದ ಹಮ್ಮು.

ಇಜ್ಜಾ ಬೀಸುಕಲ್ಲಿನ ಗೂಟ ಹಿಡಿದು ನಿಂತಳು. ಬೀಹಿ ಸತ್ತ ಮೇಲೆ ಗಂಡುಮಗನಿಲ್ಲವೆಂದು ಮರಗಳೆಲ್ಲ ಹಮ್ಮುವಿನ ಪಾಲಾಗಿದ್ದವು. ತಾನೇ ಬುಡ ಬಿಡಿಸಿ, ಕಲ್ಲು ಕಟ್ಟಿ ಮಣ್ಣು ನಿಲ್ಲಿಸಿದ ಮರಗಳ ಕೆಳಗೆ ಅವಳು ಇಷ್ಟು ವರ್ಷ ಕೂಲಿಯವಳಂತೆ ಆಯ್ದು, ಸಿಕ್ಕಿದ್ದರಲ್ಲಿ ಅವನಿಗೆ ಪಾಲು ಕೊಟ್ಟಿದ್ದಳು. ಇದೇ ಸಾಹೇಬರ ಕಚೇರಿಯ ಮೆಟ್ಟಿಲ ಮೇಲೆ ಬೇರೆ ಹಳ್ಳಿಗಳ ಹೆಂಗಸರೊಂದಿಗೆ ಕೂತಿದ್ದಳು, ತಿಜ್ನಿತ್‌ನ ಕೋರ್ಟಿಗೆ ಬಸ್ಸು ಹತ್ತಿದ್ದಳು. ಹೆಂಗಸರಿಗೂ ಪಾಲುಂಟೆಂದು ಕಾನೂನು ಬಂದಿದೆ ಎಂದು ರೇಡಿಯೋ ಹೇಳಿತು. ಆದರೆ ಆ ಕಾನೂನು ಬೆಟ್ಟ ಹತ್ತಿ ತಿಗ್ಮಿಗೆ ಬಂದಿರಲಿಲ್ಲ. ಈಗ ಕಾಯಿದ್ ಸಾಹೇಬರು ಅದನ್ನು ಜೀಪಿನಲ್ಲಿ ಹಾಕಿಕೊಂಡು ತಂದಿದ್ದರು.

ಅವಳು ಹಮ್ಮುವಿನ ಮುಖ ನೋಡಿದಳು. ಅಂಗಳದ ಕೋಳಿ ಪಕ್ಕದ ಮನೆಯಲ್ಲಿ ಮೊಟ್ಟೆಯಿಟ್ಟರೆ ಜಗಳಕ್ಕೆ ನಿಲ್ಲುವ ಮನುಷ್ಯ, ನಗುತ್ತಿದ್ದ. ಅವಳಿಗೆ ಅರ್ಥವಾಯಿತು. ಬೀಹಿಯ ಮರ ಬಿಟ್ಟುಕೊಟ್ಟರೆ ಇಡೀ ಕಾಡು ಅವನ ಮೇಕೆಗಳ ಬಾಯಿಗೆ ಬೀಳುತ್ತಿತ್ತು. ತೆರೆದವನು ಅವನಲ್ಲ, ಇಜ್ಜಾ. ಬೈಸಿಕೊಳ್ಳುವವಳೂ ಇಜ್ಜಾ.

"ಸಾಹೇಬ್ರೆ, ಗಡಿಗಲ್ಲಿನ ತನಕ ಕರ್ಕೊಂಡು ಬರ್ತೀನಿ. ಹೊರಗಿಂದ ಎಲ್ಲ ಕಾಣುತ್ತೆ. ಕಾಡು ಮುಚ್ಚಿದೆ ಅಂತ ಹೇಳಿದ್ರೆ ಅವರಿಗೂ ಖುಷಿಯಾಗುತ್ತೆ, ಪರಿಸರ ಅಂದ್ರೆ ಅದೇ ಅಲ್ವಾ?"

"ಹೊರಗೆ ನಿಂತು ನೋಡೋಕೆ ರಾಣಿ ಸಮುದ್ರ ದಾಟಿ ಬರ್ತಾರಾ? ಮರದ ಕೆಳಗೆ ನಡೆಯೋದು ಅಂತ ಕಾರ್ಯಕ್ರಮ ಆಗಿದೆ. ಮೇಲಿನವರು ಒಪ್ಪಿಯಾಗಿದೆ."

"ಪದ್ಧತಿ ಇದೆಯಲ್ಲ, ಸಾಹೇಬ್ರೆ."

ಸಾಹೇಬರು ನಕ್ಕರು. "ಪದ್ಧತಿ! ಹೆಂಗಸರಿಗೆ ಪಾಲಿಲ್ಲ ಅನ್ನೋದೂ ಪದ್ಧತಿಯೇ. ಅದು ಬೇಡ ಅಂತ ಕೋರ್ಟಿಗೆ ಹೋದೋಳು ನೀನು. ಬೇಡಾದಾಗ ಒಂದು, ಬೇಕಾದಾಗ ಒಂದಾ?"

ಆ ಮಾತು ಇಜ್ಜಾಳ ಕುತ್ತಿಗೆಯ ಹಿಂದೆ ಮುಳ್ಳಿನಂತೆ ಕೂತುಬಿಟ್ಟಿತು, ಎಲ್ಲಿದೆಯೆಂದು ಕೈಗೆ ಸಿಗದ ಹಾಗೆ.

ಗಂಡಸರಿಬ್ಬರೂ ಹೊರಗೆ ಹೋದ ಮೇಲೆ ತಿತ್ರೀತ್ ಬಾಗಿಲು ಅರೆ ಮುಚ್ಚಿದಳು.

"ಅಮ್ಮಾ, ಒಪ್ಕೊಂಡುಬಿಡು."

"ನಿನಗೆ ಗೊತ್ತಿದ್ದೂ ಹೇಳ್ತೀಯಾ?"

"ಒಂದು ಹೆಜ್ಜೆ ಅಮ್ಮ. ಒಂದು ಹೆಜ್ಜೆಗೆ ಕಾಡು ಹಾಳಾಗುತ್ತಾ? ಲಾರಿ ಬಂದ್ರೆ ಪೊಲೀಸ್ನೋರಿಗೆ ಫೋನ್ ಮಾಡೋಣ. ನಾನೇ ಮಾಡ್ತೀನಿ."

"ಪಕ್ಕದ ಕಣಿವೆಯವರ ಹತ್ತಿರ ಫೋನ್ ಇರಲಿಲ್ವಾ?"

"ಸರಿ, ಹಾಳಾಗ್ಲಿ ಒಂದು ವರ್ಷ!" ತಿತ್ರೀತಳ ದನಿ ಒಡೆಯಿತು. "ಒಂದು ವರ್ಷ ಅಮ್ಮ. ಆಮೇಲೆ ಮರ ನಮ್ಮದು. ನಾನು ಊರಿಗೆ ಬರಬಹುದು. ಅಲ್ಲಿ ನಾನು ಏನು ಮಾಡ್ತಿದೀನಿ ಅನ್ಕೊಂಡಿದೀಯ? ಮಂದಿ ಮಲಗೆದ್ದ ಹಾಸಿಗೆ ಬದಲಾಯಿಸ್ತೀನಿ. ಇಲ್ಲಿ ನನ್ನದು ಅಂತ ಒಂದು ಮರ ಇದ್ದಿದ್ರೆ ನಾನು ಹೋಗ್ತಿದ್ನಾ?"

ಇಜ್ಜಾ ಮಗಳ ಕೂದಲಿಗೆ ಅಂಟಿದ್ದ ತೌಡಿನ ಪುಡಿ ಒರೆಸಲು ಕೈ ಚಾಚಿದಳು. ಮಗಳು ತಲೆ ಸರಿಸಿದಳು.

ಅಂಗಳದಲ್ಲಿ ಮಮ್ಮಾಸ್ ಕಲ್ಲಿನ ಮೇಲೆ ಹೋದ ವರ್ಷದ ಗೊರಟೆಯಿಟ್ಟು ಕುಟ್ಟುತ್ತಿದ್ದಳು. ತಲೆಯೆತ್ತದೆ ಕೇಳಿದಳು, "ಏನಂತೆ? ಮರ ಕೊಡ್ತಾರಂತಾ?"

"ಗೋಡೆಗೆ ಕಿವಿ ಇಟ್ಟಿದ್ಯಾ?"

"ಹಲ್ಲು ಹೋಗಿದೆ, ಕಿವಿ ಹೋಗಿಲ್ಲ. ತಗೋ ಬೇಕಾದ್ರೆ. ನಾವ್ಯಾರೂ ಬೈಯಲ್ಲ ನಿನ್ನ. ಆದ್ರೆ ನೀನು ಗಡಿ ದಾಟಿದ ತಕ್ಷಣ ನಾವೂ ದಾಟ್ತೀವಿ, ಗೊತ್ತಿರಲಿ. ಲಾರಿ ಬರೋದ್ರೊಳಗೆ ಹಸಿ ಕಾಯೇ ಆದ್ರೂ ಬಡಿದು ಮನೆ ತುಂಬಿಸ್ಬೇಕಲ್ಲ. ನನ್ನ ಸೊಸೆ ಆಗಲೇ ಕೋಲು ಹುಡುಕ್ತಾ ಇದಾಳೆ."

ಇಜ್ಜಾ ತಿರುಗಿ ನೋಡಿದಳು. ಗೋಡೆಯ ಪಕ್ಕ ಉದ್ದನೆಯ ಕೋಲುಗಳು ಒರಗಿದ್ದವು. ಬೆಳಿಗ್ಗೆ ಇರಲಿಲ್ಲ. ಹೆಂಗಸರು ಅವಳ ಕಣ್ಣು ತಪ್ಪಿಸಿ ನೀರು ಚಿಮುಕಿಸುವುದನ್ನು ಮುಂದುವರಿಸಿದರು.

ರಾಣಿ ಬಂದಳು. ಕಪ್ಪು ಕಾರುಗಳ ಹಿಂದೆ ಧೂಳು, ಧೂಳಿನ ಹಿಂದೆ ಇನ್ನಷ್ಟು ಕಾರು. ಇಜ್ಜಾ ಕಿರೀಟ ನಿರೀಕ್ಷಿಸಿರಲಿಲ್ಲ, ಆದರೂ ಇಷ್ಟು ಸಾದಾ ಚಪ್ಪಲಿಯನ್ನೂ ನಿರೀಕ್ಷಿಸಿರಲಿಲ್ಲ. ಎತ್ತರದ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು, ಮೇಲ್ತುಟಿಯಲ್ಲಿ ಬೆವರು. ಚಾಪೆಯ ಮೇಲೆ ಹೆಂಗಸರ ಜೊತೆಗೇ ಕೂತಳು. ಕಲ್ಲು ತೆಗೆದುಕೊಂಡು ಗೊರಟೆ ಕುಟ್ಟಿ ಬೆರಳು ಜಜ್ಜಿಕೊಂಡಳು, ಚಿಕ್ಕ ಹುಡುಗಿಯಂತೆ ಬೆರಳನ್ನು ಬಾಯಿಗಿಟ್ಟುಕೊಂಡಳು.

"ಗುರಿ ನೋಡಿ ಹೊಡಿ ತಾಯಿ, ಅದು ಗಂಡ ಅಲ್ಲ," ಎಂದಳು ಮಮ್ಮಾಸ್. ತಿತ್ರೀತ್ ಅದನ್ನು ಹೇಗೆ ಹೇಳಿದಳೋ, ರಾಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಳ್ಳೆಯವಳು ಎಂದುಕೊಂಡಳು ಇಜ್ಜಾ. ಕೆಟ್ಟವಳಾಗಿದ್ದರೆ ಸುಲಭವಿತ್ತು.

ರಾಣಿ ಚಹಾದ ಲೋಟ ಕೆಳಗಿಟ್ಟು ಏನೋ ಕೇಳಿದಳು.

"ನಿಮ್ಮಲ್ಲಿ ಯಾರ್ಯಾರಿಗೆ ಸ್ವಂತ ಮರ ಇದೆ ಅಂತ ಕೇಳ್ತಿದಾರೆ," ಎಂದಳು ತಿತ್ರೀತ್.

ಕುಟ್ಟುವ ಸದ್ದು ನಿಂತಿತು. ಯಾರೂ ಕೈಯೆತ್ತಲಿಲ್ಲ. ಕಾಯಿದ್ ಸಾಹೇಬರು ಮುಂದೆ ಬಂದು, ಅದನ್ನು ತೋರಿಸಲೆಂದೇ ಕಾಡಿನ ಕಡೆ ಹೋಗೋಣ ಎಂದು ಕೈ ತೋರಿಸಿದರು.

ದಾರಿಯಲ್ಲಿ ರಾಣಿ ಸುಣ್ಣದ ಕಲ್ಲುಗಳ ಸಾಲು ಕಂಡು ಮತ್ತೇನೋ ಕೇಳಿದಳು. ತಿತ್ರೀತ್ ಸಾಹೇಬರ ಮುಖ ನೋಡಿ ಚಿಕ್ಕದೊಂದು ಉತ್ತರ ಕೊಟ್ಟಳು. ರಾಣಿ ಮೆಚ್ಚಿಕೊಂಡು ತಲೆದೂಗಿದಳು.

"ಏನು ಕೇಳಿದ್ರು?" ಎಂದಳು ಇಜ್ಜಾ.

"ಕಲ್ಲು ಯಾಕೆ ಅಂತ."

"ಏನಂದೆ?"

ತಿತ್ರೀತ್ ನೆಲ ನೋಡುತ್ತ ನಡೆದಳು. "ಅಲಂಕಾರಕ್ಕೆ ಅಂದೆ."

ಗಡಿಯಲ್ಲಿ ಎಲ್ಲರೂ ನಿಂತರು. ಒಳಗೆ ಅರ್ಗಾನ್ ಮರಗಳು ಗಂಟು ಗಂಟಾಗಿ ಇಳಿಜಾರು ತುಂಬಾ ಹರಡಿಕೊಂಡಿದ್ದವು, ಕಾಯಿಗಳಿಗೆ ಇನ್ನೂ ಹಳದಿ ಬಂದಿರಲಿಲ್ಲ. ಬೀಹಿಯ ಮರಗಳು ಅಲ್ಲೇ, ಮೊದಲ ತಿರುವಿನಲ್ಲಿ. ಅವಳು ಕಟ್ಟಿದ ಕಲ್ಲುಗಳು ಇಲ್ಲಿಂದಲೇ ಕಾಣುತ್ತಿದ್ದವು. ಆಚೆ ಗುಡ್ಡದ ಮೇಲೆ ಪರವೂರಿನ ಕುರುಬರು ನೆರಳಿನಲ್ಲಿ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತು ಇತ್ತ ನೋಡತೊಡಗಿದರು. ಹಮ್ಮು ಕೂಡ ಅತ್ತ ನೋಡಿದ, ಮತ್ತೆ ಇತ್ತ ನೋಡಿದ. ಹಿಂದೆ ಹೆಂಗಸರ ಕೈಯಲ್ಲಿ ಕೋಲುಗಳಿದ್ದವು. ಕ್ಯಾಮೆರಾದವರಿಗೆ ಅದು ಚೆಂದವೇ ಕಂಡಿತು.

ಕಾಯಿದ್ ಸಾಹೇಬರು ಗಂಟಲು ಸರಿಮಾಡಿಕೊಂಡು, ಮೊದಲು ಬೆಟ್ಟದ ಮಾತಿನಲ್ಲಿ, ಆಮೇಲೆ ರಾಜಧಾನಿಯ ಮಾತಿನಲ್ಲಿ ಸಾರಿದರು. ವಿಧವೆ ಇಜ್ಜಾ, ಅವಳ ಗಂಡನ ಮರಗಳು, ಇಂದು ಅವಳೇ ಹಕ್ಕಿನಿಂದ ಒಳಗೆ ನಡೆದು ಅವನ್ನು ತನ್ನದಾಗಿಸಿಕೊಳ್ಳುತ್ತಾಳೆ, ಜೊತೆಗೆ ಮಾನ್ಯ ಅತಿಥಿ. ದುಭಾಷಿ ಅದನ್ನು ರಾಣಿಗೆ ಹೇಳಿದ. ರಾಣಿಯ ಮುಖ ಅರಳಿತು. ಅವಳು ಇಜ್ಜಾಳ ಕಡೆ ತಿರುಗಿ ಕೈ ಚಾಚಿದಳು.

"ಇವತ್ತು ನಿಮ್ಮ ದಿನ ಅಂತಿದಾರೆ," ಎಂದಳು ತಿತ್ರೀತ್. "ನಿಮ್ಮ ಮರ ತೋರಿಸಿ, ಇಬ್ಬರೂ ಒಟ್ಟಿಗೆ ಹೋಗೋಣ ಅಂತಿದಾರೆ."

ಆ ಕೈಯಲ್ಲಿ ಉಂಗುರವೊಂದಿತ್ತು, ಉಗುರುಗಳು ಚಿಕ್ಕವಾಗಿದ್ದವು. ಹಿಡಿದರೆ ಬೆಚ್ಚಗಿರುತ್ತದೆ ಎಂದು ನೋಡಿದರೇ ತಿಳಿಯುತ್ತಿತ್ತು. ಅದರಾಚೆ ಬೀಹಿಯ ಮರಗಳು. ಆ ಮರಗಳಲ್ಲಿ ಮಗಳ ಮನೆ, ಮಗಳ ಅಂಗಳ, ಸಂಜೆ ಬಾಗಿಲಲ್ಲಿ ಕೂತ ಮಗಳು. ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂತು ಕೇಳಿದ್ದು ಒಂದು ಹೆಜ್ಜೆಯ ಆಚೆ ನಿಂತಿತ್ತು. ಸಾಹೇಬರ ಮಾತಿನ ಮುಳ್ಳು ಕುತ್ತಿಗೆಯ ಹಿಂದೆ ಈಗಲೂ ಚುಚ್ಚುತ್ತಿತ್ತು.

ಇಜ್ಜಾ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ದಾರಿಗೆ ಅಡ್ಡವಾಗಿ, ಗಡಿಗಲ್ಲುಗಳ ನಡುವೆ, ಕೆಳಗೆ ಕೂತುಬಿಟ್ಟಳು.

"ಏಳಮ್ಮ," ಎಂದರು ಸಾಹೇಬರು ಹಲ್ಲು ಕಚ್ಚಿ. "ಏನಿದು ನಾಟಕ?"

ಅವಳು ಮಗಳನ್ನಷ್ಟೇ ನೋಡಿದಳು. "ಹೇಳು ಅವರಿಗೆ. ಕಾಡು ಮುಚ್ಚಿದೆ. ನಾನು ಒಳಗೆ ಹೋಗಲ್ಲ. ಅವರೂ ಹೋಗೋ ಹಾಗಿಲ್ಲ."

"ಅಮ್ಮ, ಮರ..." ಎಂದಳು ತಿತ್ರೀತ್.

"ಮರ ಬೇಡ ಅಂತ ಹೇಳು."

"ಅಮ್ಮಾ."

"ಬೇಡ ಅಂದೆನಲ್ಲ. ಬೇಡ."