ನಾಲ್ಕನೇ ಕಡಲು

ನಾಲ್ಕನೇ ಕಡಲಿಗೆ ಬಂದ ದೋಣಿ ಎಲ್ಲೂ ತಡವರಿಸದೆ ಓಡಿತು. ಪರದೆಯ ಎಲ್ಲ ಕಡೆಯಿಂದ ಹಾರುವ ಮೀನುಗಳು ನುಗ್ಗಿದವು. ಕನಾಯೆ ವಿಡಿಯೊ ಆಟದ ಹಿಡಿಕೋಲು ಬಿಟ್ಟು ನೋಯುತ್ತಿದ್ದ ಭುಜವನ್ನು ಒತ್ತಿಕೊಂಡಳು.

"ನೀವು ಹೇಳಿದ ಹಾಗೇ ಆಗಿದೆ ಒಗಾತಾ-ಸಾನ್. ಎಷ್ಟು ಮೀನು ಬಂದ್ರೂ ಈಗ ನಿಧಾನ ಆಗಲ್ಲ."

ಕುರ್ಚಿ ಹಾಕಿಕೊಟ್ಟಿದ್ದರೂ ಒಗಾತಾ-ಸಾನ್ ಅವಳ ಬೆನ್ನ ಹಿಂದೆ ನಿಂತೇ ನೋಡುತ್ತಿದ್ದರು. ಅದು ಅವರ ಕಾಲದ ಅಭ್ಯಾಸ. ಹೊಸ ಆಟ ತಯಾರಾದರೆ ಅದನ್ನು ಮೊದಲು ಕಾಸು ಹಾಕಿ ಆಡುವ ಯಾವುದಾದರೂ ಗೇಮ್ ಅಂಗಡಿಯಲ್ಲಿಟ್ಟು, ಮಾಡಿದವರು ಯಾರೋ ದಾರಿಹೋಕರಂತೆ ಆಡುವವರ ಬೆನ್ನ ಹಿಂದೆ ನಿಲ್ಲುತ್ತಿದ್ದರು. ತಾವು ಮಾಡಿದ 'ಹೊತಾರು ಮಾರು' ದೋಣಿಯ ಆಟವನ್ನು ಇಟ್ಟ ದಿನ ಅವರು ಹಾಗೆಯೇ ನಿಂತಿದ್ದರು. ನಾಲ್ಕನೇ ಕಡಲಲ್ಲಿ ಮೀನುಗಳು ತುಂಬಿಕೊಂಡು ಇಡೀ ಆಟ ತೆವಳತೊಡಗಿದಾಗ ಒಬ್ಬ ವಿದ್ಯಾರ್ಥಿ, ನೋಡ್ರೋ, ಮೆಷಿನ್‌ಗೆ ಏದುಸಿರು ಬರ್ತಿದೆ, ಎಂದು ನಕ್ಕಿದ್ದ. ಆಟ ಊರೂರಿಗೆ ಹೋಯಿತು. ಆ ನಗು ಮಾತ್ರ ಒಗಾತಾ-ಸಾನ್ ಜೊತೆಯಲ್ಲೇ ಉಳಿಯಿತು.

ಹಳೆಯ ಅಂಗಡಿ ಆಟಗಳನ್ನು ಮನೆಯ ಟಿವಿಯಲ್ಲಿ ಆಡುವಂತೆ ಮತ್ತೆ ಸಿದ್ಧಪಡಿಸುವುದು ಕನಾಯೆಯ ಕೆಲಸ. ಒಸಾಕಾದ ನಿಪ್ಪೊಂಬಾಶಿಯಲ್ಲಿ, ವಿದ್ಯುತ್ ಸಾಮಾನಿನ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಅವಳ ಕಂಪನಿ. ಶರತ್ಕಾಲವೆಲ್ಲ ಅವಳು ಹಳೆಯ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಅದು ಎಲ್ಲಿ ಎಷ್ಟು ತೆವಳುತ್ತದೋ ಅಲ್ಲಿ ಅಷ್ಟೇ ತೆವಳುವಂತೆ ಹೊಸದನ್ನು ಹೊಂದಿಸಿದ್ದಳು. ಆಮೇಲೆ ಒಗಾತಾ-ಸಾನ್ ಬಂದು ಅದನ್ನೆಲ್ಲ ತೆಗೆದುಬಿಡಿ ಎಂದರು. ಆ ಕಾಲದಲ್ಲಿ ಆಟದ ಮೇಲೆ ಮಾಡಿದವರ ಹೆಸರು ಹಾಕುತ್ತಿರಲಿಲ್ಲ. ಈ ಸಲ ಮೊದಲ ಪರದೆಯಲ್ಲೇ ಅವರ ಹೆಸರಿರುತ್ತದೆ. ಹೆಸರು ಹಾಕಿ ಕುಂಟುವುದನ್ನು ಕಳಿಸಬೇಡಿ ಎಂದು ತಲೆಬಾಗಿ ಕೇಳಿಕೊಂಡರು. ಅಷ್ಟು ವಯಸ್ಸಾದವರು ತಲೆಬಾಗಿದ ಮೇಲೆ ಆಗದು ಎನ್ನುವ ಬಾಯಿ ಯಾರಿಗೂ ಬರಲಿಲ್ಲ. ಕನಾಯೆ ತೆಗೆದಳು. ತೆವಳುವ ಹಳೆಯ ಪ್ರತಿಯನ್ನು ಅಳಿಸಲು ಮಾತ್ರ ಮನಸ್ಸಾಗಲಿಲ್ಲ.

ಇಂದು ಅವರು ಒಪ್ಪಿದರೆ ಆಟ ಸಂಜೆಯೇ ಮಾರಾಟಕ್ಕೆ ಹೊರಟುಹೋಗುತ್ತದೆ. ಆಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ. ಹೋದರೆ ಸಾಕು ಎನಿಸಿತ್ತು ಕನಾಯೆಗೆ. ವಾರವೆಲ್ಲ ಮಗಳಿಗೆ ಜ್ವರ. ಹಾಸಿಗೆಯ ಅಂಚಿನಲ್ಲಿ ಒಂದೇ ಮಗ್ಗುಲಿಗೆ ಮಲಗಿ ಕನಾಯೆಯ ಮೈ ಮರಗಟ್ಟಿತ್ತು. ಜ್ವರ ಬಿಟ್ಟು ಇಂದೇ ಹೋದ ಮಗಳನ್ನು ಕರೆತರಲು ಶಿಶುವಿಹಾರ ಮುಚ್ಚುವುದರೊಳಗೆ ಓಡಬೇಕು.

ಒಗಾತಾ-ಸಾನ್ ಅವರ ಹೆಂಡತಿ ಫುಮಿಯೆ ಚಳಿಗೆ ಹಚ್ಚಿದ ಸೀಮೆಎಣ್ಣೆ ಒಲೆಯ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದರು. ಗಂಡನ ಕಣ್ಣು ಮಂದವಾದ ಮೇಲೆ ಮೆಟ್ಟಿಲಿರುವ ಕಡೆಯೆಲ್ಲ ಅವರೂ ಬರುತ್ತಾರೆ. ನೀವೂ ಒಂದು ಸಲ ಆಡುತ್ತೀರಾ ಎಂದು ಕನಾಯೆ ಉಪಚಾರಕ್ಕೆ ಕೇಳಿದಳು.

"ಅವಳಾ? ಅವಳಿಗೆ ಟಿವಿ ರಿಮೋಟೇ ಬರಲ್ಲ," ಎಂದು ಒಗಾತಾ-ಸಾನ್ ನಕ್ಕರು.

ಫುಮಿಯೆ ಕೈ ಒರೆಸಿಕೊಂಡು ಬಂದು ಕೂತರು. ಎಡಗೈಯನ್ನು ಅಂಗಾತ ಮಾಡಿ, ಹಿಡಿಕೋಲನ್ನು ಬೆರಳ ಸಂದಿಯಲ್ಲಿ ಕೆಳಗಿನಿಂದ ಹಿಡಿದರು. ಅಂಗಡಿಯಲ್ಲಿ ಆಡಿ ಪಳಗಿದವರು ಹಿಡಿಯುವ ರೀತಿ ಅದು. ಕನಾಯೆ ಗಡಿಯಾರದಿಂದ ಕಣ್ಣು ತೆಗೆದಳು. ದೋಣಿ ಮೂರು ಕಡಲು ದಾಟಿತು. ನಾಲ್ಕನೆಯದರಲ್ಲಿ ಮುಳುಗಿತು. ಮತ್ತೆ ಆಡಿದರು, ಅದೇ ಜಾಗದಲ್ಲಿ ಮತ್ತೆ ಮುಳುಗಿತು.

"ಇಲ್ಲಿ ಇದು ಕಾಯ್ತಿತ್ತಲ್ಲ," ಎಂದರು ಫುಮಿಯೆ.

ಒಗಾತಾ-ಸಾನ್ ಪರದೆಯತ್ತ ಬಾಗಿದರು. "ಕಾಯ್ತಿರಲಿಲ್ಲ ಕಣೇ. ಅಷ್ಟು ಮೀನು ಒಟ್ಟಿಗೆ ಬಂದ್ರೆ ಅದಕ್ಕೆ ಕೈಲಾಗ್ತಿರಲಿಲ್ಲ."

"ಆಗ ನನಗೂ ಕೈಲಾಗ್ತಿರಲಿಲ್ಲ."

ತರಕಾರಿಯ ಬೆಲೆ ಹೇಳುವಷ್ಟೇ ಸಹಜವಾಗಿ ಹೇಳಿದರು ಫುಮಿಯೆ. ಆಟ ಅಂಗಡಿಗಳಿಗೆ ಬಂದ ಆ ಚಳಿಗಾಲ ಕೆಲಸದ ನಡುವೆ ಒಗಾತಾ-ಸಾನ್ ಮನೆಗೆ ಬರುತ್ತಿದ್ದುದು ಬಟ್ಟೆ ಬದಲಿಸಿ ಒಂದಿಷ್ಟು ನಿದ್ದೆ ಮಾಡಲು ಮಾತ್ರ. ಅವರ ಮಗು ಒಂದೇ ಸಮನೆ ಅಳುತ್ತಿತ್ತು. ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಅದು ನಿದ್ದೆ ಹೋಗುತ್ತಿದ್ದುದು ಒಂದೇ ಕಡೆ, ಸ್ಟೇಷನ್ ಎದುರಿನ ಗೇಮ್ ಅಂಗಡಿಯ ಗದ್ದಲದಲ್ಲಿ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಫುಮಿಯೆ ಮಧ್ಯಾಹ್ನವೆಲ್ಲ ಅಲ್ಲೇ ಇರುತ್ತಿದ್ದರಂತೆ. ಸುಮ್ಮನೆ ಕೂತರೆ ಅಂಗಡಿಯವನು ಏನಾದರೂ ಅಂದಾನು ಎಂದು ಆಡತೊಡಗಿದರಂತೆ.

"ನನ್ನ ಆಟ ಅಂತ ಗೊತ್ತಿತ್ತಾ?"

"ಗೊತ್ತಿಲ್ದೆ ಏನ್ರೀ? ನಿದ್ದೇಲೂ ಅದರ ರಾಗಾನೇ ಗುನುಗ್ತಿದ್ರಿ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಮನೆಗೆ ಬಂದಾಗ ನೀವು ಯಾವತ್ತು ಎಚ್ಚರ ಇರ್ತಿದ್ರಿ?"

ಒಗಾತಾ-ಸಾನ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಕೊನೆಗೆ, ಹಳೆಯದನ್ನು ಇಟ್ಟಿದ್ದೀರಾ ಎಂದು ಕನಾಯೆಯನ್ನು ಕೇಳಿದರು. ಅವಳು ಅದನ್ನು ತೆರೆದುಕೊಟ್ಟಳು.

ದೋಣಿ ಮತ್ತೆ ಹೊರಟಿತು. ನಾಲ್ಕನೇ ಕಡಲಲ್ಲಿ ಮೀನುಗಳು ತುಂಬಿದವು, ತುಂಬುತ್ತ ಹೋದಂತೆ ಎಲ್ಲವೂ ಭಾರವಾಯಿತು. ಆಟದ ರಾಗ ಮಾತ್ರ ತನ್ನಷ್ಟಕ್ಕೆ ಮುಂದೆ ಹೋಯಿತು. ಮೀನು, ದೋಣಿ, ಅಲೆ ಎಲ್ಲ ಒಂದೊಂದೇ ಗೇಣು ಸರಿಯತೊಡಗಿದವು. ಆಗ ಫುಮಿಯೆಯ ಬಲಗೈ ಗುಂಡಿಯನ್ನು ಬಿಟ್ಟು ಸೊಂಟದ ಹಿಂದಕ್ಕೆ ಹೋಯಿತು. ಬೆನ್ನ ಮೇಲಿಂದ ಜಾರುತ್ತಿದ್ದ ಏನನ್ನೋ ಅಡಿಯಿಂದ ಮೇಲಕ್ಕೆತ್ತಿ ಸರಿಮಾಡಿ ಸರಿಯಾದ ಹೊತ್ತಿಗೆ ಮರಳಿತು. ದೋಣಿ ಮೀನುಗಳ ನಡುವಿನಿಂದ ನುಸುಳಿಕೊಂಡಿತು. ಏನು ಮಾಡಿದೆನೆಂಬುದು ಅವರಿಗೇ ತಿಳಿದಂತಿರಲಿಲ್ಲ.

"ಇದನ್ನೇ ಕಳಿಸಿಬಿಡಿ," ಎಂದರು ಒಗಾತಾ-ಸಾನ್, ತಗ್ಗಿದ ದನಿಯಲ್ಲಿ.

"ನಿಮ್ಮ ಹೆಸರು?" ಎಂದಳು ಕನಾಯೆ.

"ಅದೂ ಇರಲಿ."

ಕನಾಯೆ ಹೊರಡಬೇಕಿತ್ತು. ಕೋಟು ತೊಡೆಯ ಮೇಲಿತ್ತು, ಏಳಲಾಗಲಿಲ್ಲ. ಒಲೆಯ ಮೇಲಿಟ್ಟಿದ್ದ ಕಿತ್ತಳೆ ಸಿಪ್ಪೆ ಒಣಗಿ ಕೋಣೆಯೆಲ್ಲ ಅದರ ವಾಸನೆ. ಪರದೆಯಲ್ಲಿ ಮತ್ತೊಂದು ಹಿಂಡು ಬಂತು, ಮತ್ತೆ ಎಲ್ಲ ನಿಧಾನವಾಯಿತು. ಫುಮಿಯೆಯ ಕೈ ಮತ್ತೆ ಹಿಂದಕ್ಕೆ ಸರಿಯಿತು. ಅವರ ಬೆನ್ನಿಗೆ ಒತ್ತಿದಂತೆ ನಿಂತಿದ್ದ ಒಗಾತಾ-ಸಾನ್, ಆ ಕೈಗೆ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ನಿಂತರು.