ಸೀಸದ ಗುಂಡು, ತೂತಿನ ಮೂತಿ

ನನ್ನ ಬಲಗೈ ಮುರಿದದ್ದು ಹೋದ ಅಕ್ಟೋಬರಿನಲ್ಲಿ, ದೋಣಿಕಟ್ಟೆಯ ಹಲಗೆಯ ಮೇಲೆ ಜಾರಿ. ಮೂಳೆ ಕೂಡಿತು, ಮಣಿಕಟ್ಟಿನ ಬಲ ಮಾತ್ರ ಮರಳಲಿಲ್ಲ. ಚಹಾದ ಕೆಟಲ್ ಎತ್ತುವುದಕ್ಕೂ ಇನ್ನೊಂದು ಕೈಯ ಆಸರೆ ಬೇಕು. ಇಂಥ ಕೈಯಲ್ಲಿ ನಾನು ಕರಡಿ ಹೊಡೆಯುವ ದಪ್ಪ ರಿವಾಲ್ವರ್ ಹಿಡಿದು, ಹತ್ತು ಸೆಕೆಂಡಿನಲ್ಲಿ ಐದು ಗುಂಡು ಹಾರಿಸಿ, ನಾಲ್ಕನ್ನಾದರೂ ಊಟದ ತಟ್ಟೆಯಷ್ಟಗಲದ ಗುರಿಗೆ ಮುಟ್ಟಿಸಬೇಕಿತ್ತು. ಮೇ ಮುಗಿಯುವುದರೊಳಗೆ ಮೂರು ಅವಕಾಶ. ಮೂರರಲ್ಲೂ ಸೋತರೆ ಮೀನು ಎಣಿಸುವ ಕೆಲಸ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ದ್ವೀಪದ ಒಳಗಿನ ನದಿಗೆ ಅಡ್ಡಬೇಲಿ ಕಟ್ಟಿ, ಮೇಲಕ್ಕೆ ಈಜುವ ಸಾಲ್ಮನ್‌ ಮೀನುಗಳನ್ನು ಎಣಿಸುವ ಕೆಲಸ ಅದು. ದಂಡೆಯ ತುಂಬ ಕರಡಿಗಳು, ಹಾಗಾಗಿ ಗುಂಡಿನ ಪರೀಕ್ಷೆ ಗೆಲ್ಲದವರನ್ನು ಮೀನಿನ ಇಲಾಖೆ ಅಲ್ಲಿಗೆ ಕಳಿಸುವುದಿಲ್ಲ. ಹದಿನೇಳು ವರ್ಷ ಮಾಡಿದ್ದೇನೆ. ಉಳಿದ ಎಂಟು ತಿಂಗಳು ನಾನು ಅಣ್ಣ ಎಫಿಮ್‌ನ ಜೊತೆ ಒಂದೇ ಸೂರಿನಡಿ ಇರುತ್ತೇನೆ, ಅವನ ಬಾಯಿಗೆ ನಿದ್ದೆಯಲ್ಲೂ ಬಿಡುವಿಲ್ಲ. ಕರಡಿಗಳು ಮಾತಾಡುವುದಿಲ್ಲ, ಮೀನುಗಳು ಮಾತಾಡುವುದಿಲ್ಲ, ಜೊತೆಗೆ ಬರುವ ಸಹಾಯಕರೂ ಅಷ್ಟಾಗಿ ಮಾತಾಡುವುದಿಲ್ಲ. ಆ ನಾಲ್ಕು ತಿಂಗಳ ಮೌನಕ್ಕಾಗಿಯೇ ನಾನು ಇಡೀ ಚಳಿಗಾಲ ಹಲ್ಲು ಕಚ್ಚಿಕೊಂಡು ಬದುಕುತ್ತೇನೆ.

ಏಪ್ರಿಲ್‌ನ ಮೊದಲ ಪರೀಕ್ಷೆಯಲ್ಲಿ ಎರಡನೆಯ ಗುಂಡಿಗೇ ರಿವಾಲ್ವರ್ ಹಣೆಯವರೆಗೆ ಹಾರಿತು. ಮಣಿಕಟ್ಟಿನ ನೋವಿಗೆ ಕಣ್ಣು ಕತ್ತಲೆ ಬಂತು. ಇಲಾಖೆಯಿಂದ ಪರೀಕ್ಷೆ ಮಾಡುವ ಡ್ವೈಟ್ ಒಳ್ಳೆಯ ಮನುಷ್ಯ.

"ಮಾತ್ರೋನಾ, ಮೂತಿಗೊಂದು ಕಾಂಪೆನ್ಸೇಟರ್ ಹಾಕಿಸ್ಕೋ," ಅಂದ. "ನಿಯಮದಲ್ಲಿ ಬೇಡ ಅಂತೇನಿಲ್ಲ."

ನಳಿಕೆಯ ತುದಿಗೆ ತಿರುಗಿಸಿ ಕೂರಿಸುವ, ಮೇಲ್ಗಡೆ ತೂತುಗಳಿರುವ ಉಕ್ಕಿನ ಮೂತಿ ಅದು. ಮದ್ದಿನ ಬಿಸಿಗಾಳಿ ಆ ತೂತುಗಳಿಂದ ಮೇಲಕ್ಕೆ ನುಗ್ಗಿ, ನೆಗೆಯುವ ರಿವಾಲ್ವರನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಹಾಕಿಸಿದೆ. ಸದ್ದು ಎರಡು ಪಟ್ಟಾಯಿತು, ಆದರೆ ಕೈ ತಡೆದುಕೊಂಡಿತು. ಮೊದಲ ದಿನ ಐದಕ್ಕೆ ಐದೂ ತಟ್ಟೆಗೆ ಬಿದ್ದಾಗ ನಾನು ಒಬ್ಬಳೇ ನಕ್ಕೆ.

ಮೂರನೆಯ ದಿನದಿಂದ ಗುಂಡು ಎತ್ತೆತ್ತಲೋ ಹೋಗತೊಡಗಿತು. ಅದಕ್ಕೆ ಕಾರಣ ಎಫಿಮ್‌ನ ಗುಂಡು. ಅಣ್ಣ ನಲವತ್ತು ವರ್ಷದಿಂದ ಹಿತ್ತಲ ಶೆಡ್ಡಿನಲ್ಲಿ ಸೀಸ ಕರಗಿಸಿ ತಾನೇ ಗುಂಡು ಎರೆಯುತ್ತಾನೆ. ಬೆರಳಿನ ಗಾತ್ರದ, ಚಪ್ಪಟೆ ಮೂಗಿನ, ಗಟ್ಟಿ ಗುಂಡು. ಅಲ್ಲಿಯವರೆಗೆ ನಮ್ಮ ಮನೆಗೆ ಅಂಗಡಿಯ ಗುಂಡು ಬಂದದ್ದೇ ಇರಲಿಲ್ಲ. ಬಿಸಿಗಾಳಿ ಆ ಸೀಸದ ಬುಡ ಕರಗಿಸಿ ಮೂತಿಯ ತೂತುಗಳಿಗೆಲ್ಲ ಮೆತ್ತುತ್ತಿತ್ತು. ಕಟ್ಟಿಕೊಂಡ ಸೀಸಕ್ಕೆ ಮುಂದಿನ ಗುಂಡು ಸವರಿಕೊಂಡು ಹೋಗಿ ದಾರಿ ತಪ್ಪುತ್ತಿತ್ತು. ನಾನು ದಿನಾ ಅಡುಗೆಮನೆಯ ಮೇಜಿನ ಮೇಲೆ ಕೂತು ಸೂಜಿಯಲ್ಲಿ ಸೀಸ ಕೆರೆಯುತ್ತಿದ್ದೆ.

"ಅಣ್ಣ, ಈ ಮೂತಿಗೆ ನಿನ್ನ ಗುಂಡು ಆಗಿಬರಲ್ಲ."

"ನನ್ನ ಗುಂಡಿಗೆ ಆ ಮೂತಿ ಆಗಿಬರಲ್ಲ ಅನ್ನು. ತೂತು ಕೊರ್ದೋನು ಯಾವನೋ ದಡ್ಡ. ಅಪ್ಪ ಇಂಥದ್ದು ಹಾಕ್ಕೊಂಡಿದ್ನಾ?"

"ಅಪ್ಪನ ಕೈ ಮುರಿದಿರ್ಲಿಲ್ಲ."

"ಸೀಸಕ್ಕೆ ಇನ್ನೊಂದು ಚೂರು ತವರ ಬೆರೆಸ್ತೀನಿ, ನೋಡ್ತಿರು."

ಬೆರೆಸಿದ. ಎರಡನೆಯ ಪರೀಕ್ಷೆಗೆ ಆ ಹೊಸ ಗುಂಡನ್ನೇ ತುಂಬಿದೆ. ಅದು ನನ್ನ ತಪ್ಪು, ಬೇಡವೆಂದರೆ ಅವನ ಮುಖ ಬಾಡುತ್ತದೆಂದು ಸುಮ್ಮನಾಗಿದ್ದೆ. ಮೂರನೆಯ ಗುಂಡಿಗೆ ತೂತಿನಿಂದ ಸಿಡಿದ ಸೀಸದ ಚೂರು ಪಕ್ಕದಲ್ಲಿದ್ದ ಡ್ವೈಟ್‌ನ ಕೆನ್ನೆ ಕೊಯ್ದಿತು. ಕನ್ನಡಕ ಇಲ್ಲದಿದ್ದರೆ ಕಣ್ಣೇ ಹೋಗುತ್ತಿತ್ತು. ಅವನು ಕರವಸ್ತ್ರ ಒತ್ತಿಕೊಂಡು, ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ನನ್ನ ಹೆಸರಿನ ಮುಂದೆ ಎರಡನೆಯ ಸೋಲು ಬರೆದ. ನನಗೆ ಮೈ ಪರಚಿಕೊಳ್ಳುವಂತಾಯಿತು.

ಅಲ್ಲಿಂದ ನೇರ ಅಂಗಡಿಗೆ ಹೋದೆ. ಇಡೀ ತಾಮ್ರದ ಗುಂಡು ಸಿಕ್ಕಿದ್ದರೆ ಮೂತಿಗೂ ಸೈ, ಕರಡಿಗೂ ಸೈ. ಅದು ಹಡಗಿನಲ್ಲಿದೆ ಎಂದು ಮಾರ್ಚ್‌ನಿಂದ ಎಲ್ಲರಿಗೂ ಹೇಳುತ್ತಿದ್ದರು, ಆವತ್ತೂ ಅದನ್ನೇ ಹೇಳಿದರು. ಇದ್ದದ್ದು ಜಿಂಕೆ ಬೇಟೆಯವರ ಗುಂಡು, ಒಳಗೆ ಮೆತ್ತನೆಯ ಸೀಸ, ಹೊರಗೆ ತಾಮ್ರದ ಹೊದಿಕೆ. ತಂದೆ. ಒಂದು ವಾರ ಹೊಡೆದೆ, ಮೂತಿಯಲ್ಲಿ ಮಸಿ ಬಿಟ್ಟು ಬೇರೇನೂ ಕಟ್ಟಲಿಲ್ಲ.

ಎಫಿಮ್ ಗುಂಡಿನ ಡಬ್ಬಿ ನೋಡಿದ. ಹಿಟ್ಟಿನೊಳಗೆ ಮೀನು ತುಂಬಿ ಬೇಯಿಸಿದ ಪಿರೋಕ್ ತಿನ್ನುತ್ತಿದ್ದವನು ತಟ್ಟೆ ಪಕ್ಕಕ್ಕಿಟ್ಟ.

"ಮಾತ್ರೋ, ಇದು ಜಿಂಕೇದು."

"ಗೊತ್ತು."

"ಕರಡಿ ಭುಜಕ್ಕೆ ಬಿದ್ರೆ ಹೂವಿನ ಥರ ಅರಳಿ ಕೊಬ್ಬಲ್ಲೇ ಕೂತ್ಬಿಡುತ್ತೆ. ಮೂಳೆವರೆಗೂ ಹೋಗಲ್ಲ. ಪರೀಕ್ಷೆಗೆ ಇದನ್ನ ಹೊಡಿ, ನದಿಗೆ ನನ್ನದು ಒಯ್ಯಿ."

"ಪರೀಕ್ಷೇಲಿ ಹೊಡ್ದಿದ್ದನ್ನೇ ಸೊಂಟಕ್ಕೆ ಕಟ್ಟಬೇಕು. ನಿಯಮ."

"ನಿಯಮ ಬರೆದೋನು ಕರಡಿ ನೋಡಿದಾನಾ?"

ಸಿಟ್ಟು ಬಂದದ್ದು ಅವನು ತಪ್ಪು ಹೇಳಿದನೆಂದಲ್ಲ, ಸರಿ ಹೇಳಿದನೆಂದು. ಕರಡಿಗೆ ಆಗುವ ಗುಂಡು ನನ್ನ ಕೈಗೆ ಆಗದು, ನನ್ನ ಕೈಗೆ ಆಗುವುದು ಕರಡಿಗೆ ಸಾಲದು. ಆ ಮಾತನ್ನು ಅವನು ಹತ್ತು ದಿನ, ಹೊತ್ತು ಹೊತ್ತಿಗೆ, ಬಚ್ಚಲ ಬಾಗಿಲಿನಾಚೆಯಿಂದಲೂ ಹೇಳಿದ. ಕರಡಿ ತಿಂದರೂ ಚಿಂತೆಯಿಲ್ಲ, ಈ ಬಾಯಿಯಿಂದ ಬಿಡುಗಡೆ ಸಿಕ್ಕರೆ ಸಾಕು ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು.

ಮೂರನೆಯ ಪರೀಕ್ಷೆಗೆ ಅವನೇ ಟ್ರಕ್ ಓಡಿಸಿಕೊಂಡು ಬಂದ. ಡ್ವೈಟ್ ಈ ಸಲ ನಾಲ್ಕು ಹೆಜ್ಜೆ ಹಿಂದೆ ನಿಂತ. ಐದು ಹೊಡೆದೆ, ನಾಲ್ಕು ಬಿದ್ದವು. ನಾಲ್ಕನೆಯ ರಂಧ್ರ ತಟ್ಟೆಯ ಅಂಚಿನಲ್ಲಿತ್ತು. ಡ್ವೈಟ್ ಬಗ್ಗಿ ನೋಡಿ ಹೌದೆಂದು ತಲೆಯಾಡಿಸಿದ.

ಕಿವಿಯ ಮುಚ್ಚಳ ತೆಗೆಯಬೇಕೆನ್ನುವಷ್ಟರಲ್ಲಿ ಎಫಿಮ್ ನನ್ನ ಜಾಗಕ್ಕೆ ಬಂದು ನಿಂತ. ಕೈಯಲ್ಲಿ ಅಪ್ಪನ ರಿವಾಲ್ವರ್, ಮೂತಿಗೆ ಏನೂ ಇಲ್ಲ, ಒಳಗೆ ಅವನದೇ ಸೀಸ. ಅರವತ್ತೆಂಟು ವರ್ಷದವನು ಐದಕ್ಕೆ ಐದೂ ತಟ್ಟೆಯ ನಡುವೆ ಇಟ್ಟ.

ಡ್ವೈಟ್ ಒಂದು ಹಾಳೆ ಚಾಚಿದ. "ಈ ವರ್ಷ ನಿನ್ನ ಜೊತೆಗೆ ಇನ್ನೂ ಯಾರೂ ಸಿಕ್ಕಿರ್ಲಿಲ್ಲ. ಹೋದ ವಾರ ನಿಮ್ಮಣ್ಣ ಅರ್ಜಿ ಹಾಕಿದಾನೆ. ಅಲ್ಲಿಗೆ ನೀನೇ ಮುಖ್ಯಸ್ಥೆ. ಒಪ್ಪಿಗೆ ಇದ್ರೆ ಸಹಿ ಹಾಕು, ಇಲ್ಲಾಂದ್ರೆ ಬೇರೆಯವರನ್ನ ಹುಡುಕ್ತೀನಿ."

ನನ್ನ ನಾಲ್ಕು ತಿಂಗಳು. ಆ ಹಾಳೆಯನ್ನು ಹರಿದು ಅಣ್ಣನ ಮುಖಕ್ಕೆ ಎಸೆಯಬೇಕೆನ್ನಿಸಿತು. ಅವನು ಅಪ್ಪನ ರಿವಾಲ್ವರಿನಿಂದ ಖಾಲಿ ತೋಟಾಗಳನ್ನು ತೆಗೆಯುತ್ತಿದ್ದ.

"ಅಲ್ಲಿ ಬಾಯಿ ಮುಚ್ಕೊಂಡಿರ್ತೀಯಾ?" ಕೇಳಿದೆ.

ಅವನು ಯೋಚಿಸಿದ. "ಅದು ನನ್ ಕೈಲಾಗಲ್ಲ, ಮಾತ್ರೋ. ಕರಡಿ ಬಂದ್ರೆ ನಿನ್ನ ಮುಂದೆ ನಿಂತ್ಕೋತೀನಿ. ಅಷ್ಟು ಆಗುತ್ತೆ."

ಸಹಿ ಹಾಕಿದೆ. ಟ್ರಕ್ಕಿನವರೆಗೆ ನಡೆಯುವಷ್ಟರಲ್ಲಿ ಅವನು, ನದಿಯ ದಂಡೆಯಲ್ಲಿ ನಾನು ಇಷ್ಟು ವರ್ಷ ಡೇರೆ ಹಾಕಿದ ಜಾಗವೇ ತಪ್ಪು ಎಂದು ಶುರು ಹಚ್ಚಿಕೊಂಡಿದ್ದ.